ಕಂಚಜ್ಜನ ಕಿವಿ

ಗಂಟೆ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಹಳೇ ಲೋಹ ಆರಿಸುವ ಕಂಚಜ್ಜನ ಎದುರು ಮಾಲೀಕನೂ ತುಟಿ ಪಿಟಕ್ಕೆನ್ನುವುದಿಲ್ಲ. ಲೋಹ ಕರಗಿ ಕುದಿಯುವ ಮೂಸೆಗೆ ಕಂಚಿನ ಜೊತೆ ಹಿತ್ತಾಳೆ ಬಿತ್ತೋ, ಗಂಟೆ ಜನ್ಮವಿಡೀ ನೆಗಡಿ ಹಿಡಿದವರ ಹಾಗೆ ಕೂಗುತ್ತದೆ. “ಹೊಳಪು ನೋಡಿ ಮೋಸ ಹೋಗ್ಬೇಡ್ರೋ! ತಾಮ್ರ ಎರಡಕ್ಕೂ ತಾಯಿ, ನಿಜ. ಸತು ಸೇರಿದ್ರೆ ಹಿತ್ತಾಳೆ, ತವರ ಸೇರಿದ್ರೆ ಕಂಚು. ಒಂದೇ ತಾಯಿ ಮಕ್ಕಳಾದ್ರೆ ಬುದ್ಧಿನೂ ಒಂದೇ ಇರುತ್ತಾ?” ಎಂದು ದಿನಕ್ಕೆ ಹತ್ತು ಸಲ ರೇಗುತ್ತಾನೆ. ಅರದಿಂದ ಉಜ್ಜಿದಾಗ ಅಪ್ಪಟ ಹಳದಿ ಕಂಡರೆ ತುಂಡನ್ನು ಶತ್ರುವಿನಂತೆ ಮೂಲೆಗೆಸೆಯುತ್ತಾನೆ. ಅನುಮಾನ ಬಂದದ್ದನ್ನು ದಾರಕ್ಕೆ ತೂಗುಹಾಕಿ ಬಡಿಯುತ್ತಾನೆ. ನಾದ ಥಟ್ಟನೆ ಸತ್ತರೆ ಹಿತ್ತಾಳೆ, ಎಳೆದುಕೊಂಡು ಹೋದರೆ ಕಂಚು. ಆಗ ಯಾರಾದರೂ ಕೆಮ್ಮಿದರೆ ಅವರ ಕಥೆ ಮುಗಿಯಿತು. ಅವನ ಕಿವಿ ಎಂದೂ ತಪ್ಪಿಲ್ಲ ಎಂಬುದು ಕಾರ್ಖಾನೆಯ ನಂಬಿಕೆ. ಆ ಕಿವಿಗೆ ಮೂರು ವರ್ಷದಿಂದ ಏನೂ ಕೇಳಿಸುತ್ತಿಲ್ಲ ಎಂಬುದು, ಎದುರು ಸ್ಟೂಲಿನಲ್ಲಿ ಕೂತು ಚೂರು ಆರಿಸುವ ಹೆಂಡತಿಗೆ ಮಾತ್ರ ಗೊತ್ತು. ನಾದ ಇರುವಷ್ಟು ಹೊತ್ತು ಅವಳು ಮೊಣಕಾಲ ಮೇಲೆ ಒಂದು ಬೆರಳೆತ್ತಿರುತ್ತಾಳೆ. ಇವತ್ತು ಮೂಸೆ ಕುದಿಯುತ್ತಿರುವಾಗ, ಕೊನೆಯ ತುಂಡನ್ನು ಬಡಿದ ಹೊತ್ತಿಗೇ, ಮಾಲೀಕ ಬಂದು ಇಬ್ಬರ ನಡುವೆ ನಿಂತ. ಅಜ್ಜನಿಗೆ ಹೆಂಡತಿ ಕಾಣದಾದಳು. “ಪಕ್ಕಕ್ಕೆ ಸರ್ಕೊಳ್ಳಿ, ನಾದಕ್ಕೆ ಅಡ್ಡ ನಿಂತಿದ್ದೀರಾ!” ಎಂದು ಗುಡುಗಿದ. ಮಾಲೀಕ ಬೆಚ್ಚಿ ಸರಿದ. ಅವಳ ಬೆರಳು ಇನ್ನೂ ಮೇಲೇ ಇತ್ತು.