ಅಣ್ಣನಿಂದ ಮಾಡಿಸಿದ ಆಣೆ

"ನಿಮ್ಮ ಹೆಸರೇನಪ್ಪಾ?" ಎಂದು ಡಾಕ್ಟರು ಕೇಳಿದರು. ನನ್ನ ಅಣ್ಣ ಕೈಮುಗಿದು, "ತಪ್ಪಾಯ್ತು, ಇನ್ಮೇಲೆ ಕುಡಿಯಲ್ಲ" ಎಂದ. ಊಟ ಆಯ್ತಾ ಎಂದು ಕೇಳಿದರೂ ಅದೇ ಮಾತು.

ಆ ಮಾತು ಕಲಿಸಿದವಳು ನಾನು. ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಿದ್ದ ಅಣ್ಣ ಇದ್ದಕ್ಕಿದ್ದಂತೆ ಬೇರೆಯವರ ಊಟದ ಡಬ್ಬಿಗೆ ಕೈ ಹಾಕಿ ತಿನ್ನತೊಡಗಿದ. ಸಾವಿನ ಮನೆಯಲ್ಲಿ ನಕ್ಕ. ಕೆಲಸ ಹೋಯಿತು. ಬಾಯಲ್ಲಿ ವಾಸನೆ ಇರಲಿಲ್ಲ. ಆದರೂ ಕುಡಿತವೇ ಇರಬೇಕೆಂದು, ದೇವರ ಮುಂದೆ ಕುಡಿತ ಬಿಡಿಸುವ ಮಾಲೆ ಹಾಕಿಸಿ ಆಣೆ ಮಾಡಿಸಿದೆ. "ನಾನೆಲ್ಲೇ ಕುಡ್ದೆ?" ಎಂದು ಆಗ ಒಮ್ಮೆ ಕೇಳಿದ್ದ.

"ಇದು ಕುಡಿತ ಅಲ್ಲಮ್ಮ, ಮೆದುಳಿನ ಕಾಯಿಲೆ. ಮೊದಲು ನಡತೆ ಕೆಡುತ್ತೆ, ಆಮೇಲೆ ಮಾತು ಹೋಗುತ್ತೆ" ಎಂದರು ಡಾಕ್ಟರು. ನನಗೆ ಅರ್ಧವೂ ತಿಳಿಯಲಿಲ್ಲ.

ಈಗ ಅವನಲ್ಲಿ ಉಳಿದಿರುವುದು ಅದೊಂದೇ ಮಾತು. ನನ್ನನ್ನು ಕಂಡಾಗಲೆಲ್ಲ ಕೈಮುಗಿಯುತ್ತಾನೆ. ಆ ಕೈಗಳನ್ನು ಬಿಡಿಸಿ ಕೆಳಗಿಡುತ್ತೇನೆ; ಮತ್ತೆ ಮುಗಿಯುತ್ತಾನೆ.