ಜೀಪಿನವನ ಜಾಮೀನು

ಮೊದಲ ಕಲ್ಲು ಜೀಪಿನ ಗಾಜಿಗೆ ಬಿತ್ತು, ಎರಡನೆಯದು ನನ್ನ ಹಣೆಗೆ. "ಕಾಲರಾ ಬಂದೈತ್ರಿ, ಬಾವಿ ನೀರು ಕುದಿಸಿ ಕುಡೀರಿ, ಸೂಜಿ ಮಾಡಿಸ್ಕೋರಿ" ಅಂತ ಮೈಕಿನಲ್ಲಿ ಕೂಗುತ್ತಿದ್ದೆ. ಕಣ್ಣೊಳಗೆ ರಕ್ತ ಇಳಿದರೂ ಮೈಕು ಬಿಡಲಿಲ್ಲ. ನನ್ನ ಹಟಕ್ಕಿಷ್ಟು ಬೆಂಕಿ ಹಾಕ!

ಎಪ್ಪತ್ತರ ದಶಕದ ಕೊನೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ಸರ್ಕಾರದ ಮಾತನ್ನು ಜನರಿಗೆ ಮುಟ್ಟಿಸುವ ಪ್ರಚಾರದ ನೌಕರಿ ನನ್ನದು. ಭೀಮಾ ದಂಡೆಯ ಆ ಊರಿನವರೇನೂ ಪುಂಡರಲ್ಲ. ಅವರ ಕೈಗೆ ಕಲ್ಲು ಕೊಟ್ಟವನು ನಾನೇ.

ಎರಡು ವರ್ಷದ ಹಿಂದೆ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಇದೇ ಜೀಪಿನಲ್ಲಿ ಬಂದು, "ಸಾಲ್ಯಾಗ ಪುಕಟ ಸಿನಿಮಾ, ಗಂಡಸರೆಲ್ಲಾ ಬರ್ರಿ" ಎಂದು ಸಾರಿದ್ದೆ. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಹಾಡಹಗಲೇ ಶಾಲೆಯೊಳಗೆ ಕತ್ತಲು ಮಾಡಿದೆವು. ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ ಪೊಲೀಸರು ಬಾಗಿಲು ಮುಚ್ಚಿದರು. ಮಕ್ಕಳಾಗದಂತೆ ಮಾಡುವ ಆಪರೇಶನ್ನಿಗೆ ಒಬ್ಬೊಬ್ಬರನ್ನೇ ಲಾರಿಗೆ ಎಳೆದು ಹಾಕಿದರು. ಬಾಗಿಲ ಚೌಕಟ್ಟು ಹಿಡಿದು ನಿಂತ ಒಬ್ಬನ ಬಲಗೈ ಮೇಲೆ ಲಾಠಿ ಬಿತ್ತು. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ನಾನು ತಲೆ ಬಗ್ಗಿಸಿ ರೀಲು ಸುತ್ತುತ್ತಿದ್ದೆ.

ಈಗ ಗುಂಪು ಸೀಳಿ ಬಂದವನು ಅವನೇ. ಬಲಗೈ ಸೊಟ್ಟ, ಎಡಗೈಯಲ್ಲಿ ಕೊಡಲಿ. ಹಿಂದೆ ಅವನ ಹೆಂಡತಿ, ಹೆಗಲ ಮೇಲೆ ನಾಲ್ಕು ವರ್ಷದ ಮಗಳು. ನಸುಕಿನಿಂದ ವಾಂತಿಭೇದಿಯಾಗಿ ಕೂಸಿನ ಕಣ್ಣು ಗುಳಿ ಬಿದ್ದಿದ್ದವು.

"ಜೀಪಿನ್ಯಾಗ ಹಾಕು, ಅಫಜಲಪುರ ದವಾಖಾನಿಗೆ ಒಯ್ತೇವಿ. ಸಲೈನ್ ಹಚ್ಚಿದ್ರ ಉಳೀತಾಳ!" ಎಂದು ಚೀರಿದೆ.

"ನಿನ್ನ ಜೀಪಿನ್ಯಾಗ?" ಅವನು ಕೊಡಲಿಯಿಂದ ಬಾನೆಟ್ಟಿಗೆ ಹೊಡೆದ. "ನನಗಿರೋದು ಇದೊಂದ ಕೂಸು ಲೇ. ಇನ್ನೊಂದು ಆಗಂಗಿಲ್ಲ, ನಿಮ್ಮವರು ಕೊಯ್ದು ಕಳಿಸ್ಯಾರ."

ಕೂಸು ಮತ್ತೆ ವಾಂತಿ ಮಾಡಿತು. ಅವನು ಒಮ್ಮೆ ಅದನ್ನು ನೋಡಿದ, ಒಮ್ಮೆ ನನ್ನನ್ನು. ಅಲ್ಲಿ ಎತ್ತಿನ ವ್ಯವಹಾರಕ್ಕೂ ಜಗಳಕ್ಕೂ ಒಂದು ಪದ್ಧತಿಯಿತ್ತು: ಕೊಟ್ಟ ಮಾತು ನಡೆಯುವವರೆಗೆ ಯಾರಾದರೊಬ್ಬರು ಜಾಮೀನಾಗಿ ಕುಳಿತುಕೊಳ್ಳಬೇಕು.

"ನೀ ಜಾಮೀನು ಕುಂದರು," ಎಂದ. "ಕೂಸು ಬದುಕಿ ಬಂದ್ರ ಬಿಡ್ತೇನಿ."

ತಾಯಿ ಮಗಳನ್ನು ಎತ್ತಿಕೊಂಡು ಡ್ರೈವರನ ಜೊತೆ ಹೋದಳು. ನನ್ನನ್ನು ಎತ್ತಿನ ಹಗ್ಗದಿಂದ ಚಾವಡಿಯ ಕಂಬಕ್ಕೆ ಬಿಗಿದರು. ಬಂದವರು ಒದ್ದರು, ಹೋದವರು ಉಗುಳಿದರು. ಒಬ್ಬ ಮುದುಕಿ ಚಪ್ಪಲಿಯಿಂದ ಬಾರಿಸಿ, ಸುಸ್ತಾಗಿ ಅಲ್ಲೇ ಕುಳಿತು ಅತ್ತಳು. ಅವಳ ಮಗನೂ ಅಂದು ಲಾರಿ ಹತ್ತಿದ್ದನಂತೆ. ಕೂಸಿನ ಅಪ್ಪ ಮಾತ್ರ ಕೊಡಲಿ ತೊಡೆಯ ಮೇಲಿಟ್ಟುಕೊಂಡು ಎದುರಿಗೇ ಇದ್ದ.

ಬಹಳ ಹೊತ್ತಾದ ಮೇಲೆ ಕೇಳಿದ: "ಅವತ್ತ ಪೊಲೀಸರು ಬರೋದು ನಿನಗ ಗೊತ್ತಿತ್ತೇನು?"

ಗೊತ್ತಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಸುಳ್ಳು ಹೇಳುವುದೇ ನನ್ನ ಕಸುಬಲ್ಲವೇ? ಆದರೆ ಆ ಸೊಟ್ಟ ಕೈ ನನ್ನ ಮುಂದೆಯೇ ಇತ್ತು.

"ಗೊತ್ತಿತ್ತು," ಎಂದೆ.

ಕೊಡಲಿಯ ಮರದ ಕಾವು ನನ್ನ ಬಲಹೆಗಲಿಗೆ ಬಿತ್ತು. ಎಲುಬು ಮುರಿದ ಸಪ್ಪಳ ಈ ಸಲ ನನ್ನದು. ಅಯ್ಯಯ್ಯೋ ಎಂದು ಕತ್ತೆಯ ಹಾಗೆ ಒದರಿದೆ. ಅವನು ಏದುಸಿರು ಬಿಡುತ್ತ ನಿಂತ. ಆಮೇಲೆ ಒಳಗೆ ಹೋಗಿ ತಂಬಿಗೆ ತಂದು ನನ್ನ ಬಾಯಿಗೆ ಹಿಡಿದ. ನೀರು ಬಿಸಿಯಿತ್ತು. ಕುದಿಸಿದ್ದ.

ಮರುದಿನ ಮಧ್ಯಾಹ್ನ ಜೀಪು ಬಂತು, ಸೂಜಿ ಹಾಕುವ ಕಂಪೌಂಡರನೂ ಅದರಲ್ಲಿದ್ದ. ತಾಯಿಯ ತೊಡೆಯ ಮೇಲೆ ಕುಳಿತಿದ್ದ ಕೂಸು ಅಪ್ಪನನ್ನು ಕಂಡು ಕೈ ಚಾಚಿತು. ಅವನು ಗಳಗಳ ಅತ್ತ. ನನ್ನ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಸೀದಾ ಜೀಪಿನ ಮೈಕಿಗೆ ಹೋದ.

"ಕೇಳ್ರಿ! ಹೋದ ಸಲ ಇಂವ ಸುಳ್ಳು ಹೇಳಿದ್ದ, ಒಪ್ಪಿಕೊಂಡಾನ. ಈ ಸಲ ಹೇಳಿದ್ದು ಖರೆ ಐತಿ. ಸೂಜಿ ಮಾಡಿಸ್ಕೊಳ್ಳಾಕ ಬರ್ರಿ."

ಜನ ಬಂದರು, ನನ್ನ ಮುಖ ನೋಡದೆ ಸಾಲಾಗಿ ನಿಂತರು.

ವಾರದ ಮೇಲೆ ಕಚೇರಿಯಲ್ಲಿ ಸಾಹೇಬರು, "ಹೆಗಲು ಹೆಂಗ ಮುರೀತ್ರಿ? ಯಾರರ ಹೊಡೆದ್ರೇನು? ಹೆಸರು ಹೇಳ್ರಿ, ಒಳಗ ಹಾಕಸ್ತೇನಿ" ಎಂದರು. ಎಡಗೈಯಲ್ಲಿ ಸೊಟ್ಟ ಸೊಟ್ಟ ಅಕ್ಷರದಲ್ಲಿ ವರದಿ ಬರೆದುಕೊಟ್ಟೆ: ಜೀಪಿನಿಂದ ಬಿದ್ದು ಪೆಟ್ಟಾಯಿತು. ನೌಕರಿಯಲ್ಲಿ ಹೇಳಿದ ಸುಳ್ಳುಗಳಲ್ಲಿ ಅದೊಂದಕ್ಕೆ ಮಾತ್ರ ನನಗೆ ನಾಚಿಕೆಯಿಲ್ಲ.