ಹಿತೈಷಿಯ ಹನ್ನೆರಡನೇ ಸಂದೇಶ

ಟೀಚರಮ್ಮ ಪಾಠ ಹೇಳುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಆದರೂ ಆಫೀಸಿನಲ್ಲಿ ಎಲ್ಲರೂ ಅವಳನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದರು. ಅವಳು ಕಲಿಸುತ್ತಿದ್ದ ಶಾಲೆ ಮಕ್ಕಳಿಲ್ಲದೆ ಬಾಗಿಲು ಹಾಕಿಕೊಂಡಿತ್ತು. ಕೈಯಲ್ಲಿ ಉಳಿದದ್ದು ಅಚ್ಚುಕಟ್ಟಾಗಿ ಬರೆಯುವ ವಿದ್ಯೆ ಒಂದೇ. ಆ ವಿದ್ಯೆಗೂ ಒಬ್ಬ ಗಿರಾಕಿ ಸಿಕ್ಕಿದ್ದು ಅವಳ ಪುಣ್ಯವೋ ಪಾಪವೋ, ಕಥೆ ಮುಗಿದ ಮೇಲೆ ನೀವೇ ಹೇಳಿ.

ಈ ಆಫೀಸು ಮನೆ ಕಟ್ಟುವುದಿಲ್ಲ, ಮಾರುವುದೂ ಇಲ್ಲ. ಮನೆ ಮಾರುವವರ ಪರವಾಗಿ ಕೊಳ್ಳಬಹುದಾದವರ ಬೆನ್ನು ಹತ್ತುವುದು ಇದರ ಕಸುಬು. ಯಾರೋ ಒಬ್ಬ ಬಸ್ಸಿನಲ್ಲಿ ಕೂತು ಹೊತ್ತು ಹೋಗದೆ ಫ್ಲಾಟಿನ ಜಾಹೀರಾತೊಂದನ್ನು ಒತ್ತಿ, ಕೇಳಿತೆಂದು ತನ್ನ ಫೋನ್ ನಂಬರನ್ನೂ ಕೊಟ್ಟ ಅನ್ನಿ. ಅಲ್ಲಿಗೆ ಅವನು ಮನುಷ್ಯನಾಗಿದ್ದವನು ‘ಲೀಡ್’ ಆದ. ಅವತ್ತಿನಿಂದ ನಲವತ್ತು ದಿನ ಅವನಿಗೆ ಹನ್ನೊಂದು ಸಂದೇಶ ಹೋಗುತ್ತವೆ. ಮೊದಲ ದಿನ ನಮಸ್ಕಾರ, ಮೂರನೇ ದಿನ ಫೋಟೋ, ಏಳನೇ ದಿನ ‘ಮನೆಯವರೆಲ್ಲ ಕ್ಷೇಮವೇ’ ಎಂಬ ಕಕ್ಕುಲಾತಿ. ಓದದೆ ಬಿಟ್ಟವನು ತಣ್ಣನೆಯ ಲೀಡು, ಓದಿದವನು ಬೆಚ್ಚನೆಯವನು, ಉತ್ತರ ಬರೆದವನು ಬಿಸಿ. ಹೋಟೆಲಿನವರು ತಿಂಡಿಯ ಬಗ್ಗೆ ಆಡುವ ಮಾತನ್ನು ಇಲ್ಲಿ ಜನರ ಬಗ್ಗೆ ಆಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಕಳಿಸುವುದು ಯಂತ್ರ, ಬರೆದದ್ದು ಟೀಚರಮ್ಮ. ಪ್ರತಿ ಸಂದೇಶದ ಕೊನೆಗೆ ‘ನಿಮ್ಮ ಹಿತೈಷಿ’ ಎಂಬ ಸಹಿ, ಪಕ್ಕದಲ್ಲಿ ನಗುಮೊಗದ ಒಬ್ಬ ಹೆಂಗಸಿನ ಚಿತ್ರ. ಆ ಹೆಂಗಸು ಯಾರೆಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಉತ್ತರ ಬರೆದರೆ ಯಂತ್ರ ಸುಮ್ಮನಾಗಿ, ಆ ಉತ್ತರವನ್ನು ಟೀಚರಮ್ಮನ ಪರದೆಗೆ ತಳ್ಳುತ್ತಿತ್ತು. ಆಗ ಹಿತೈಷಿಯಾಗಿ ಅವಳೇ ಬರೆಯಬೇಕು, ಅದೂ ಒಂದು ಗಂಟೆಯೊಳಗೆ.

ಇವಳ ಸಂದೇಶಗಳಿಗೆ ಒಳ್ಳೆಯ ಹೆಸರಿತ್ತು. ಗುಟ್ಟೇನಿಲ್ಲ, ಸುಳ್ಳು ಹುಟ್ಟಿಸಲು ಬಾರದ ಹೆಂಗಸು ತನ್ನ ಮನೆಯ ಕಷ್ಟವನ್ನೇ ಬರೆದುಹಾಕುತ್ತಿದ್ದಳು. ಅವಳದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯ ಬಾಗಿಲು ಓಣಿಗೆ, ಹಿಂದಿನ ಕೋಣೆಗೆ ಕಿಟಕಿಯೇ ಇಲ್ಲ. ಮಗಳು ಓದುವುದು ಅಲ್ಲೇ. ನಾಲ್ಕನೇ ಸಂದೇಶ ಹೀಗಿತ್ತು: ‘ಕಿಟಕಿಯಿಲ್ಲದ ಕೋಣೆಯಲ್ಲಿ ಓದುವ ಮಗುವಿಗೆ ಬೆಳಗಾದದ್ದು ಗಡಿಯಾರ ನೋಡಿದರೇನೇ ತಿಳಿಯುತ್ತದೆ. ನಿಮ್ಮ ಮಗುವಿಗೆ ಒಂದು ಕಿಟಕಿ ಕೊಡಿ.’ ಇದೇ ಮಾತನ್ನು ಗಂಡನಿಗೆ ಹತ್ತು ವರ್ಷದಲ್ಲಿ ಎಷ್ಟು ಸಲ ಹೇಳಿದ್ದಳೋ. ಅವನು ಪ್ರತಿಸಲವೂ ಒಂದು ದೊಡ್ಡ ಬಲ್ಬ್ ತಂದು ಹಾಕುತ್ತಿದ್ದ.

ಗಂಡನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗೊತ್ತಾಗಿಬಿಡುವ ಕಣ್ಣು. ಮಾತು ಮಾತ್ರ ಅಳೆದು ತೂಗಿ. ಹೆಂಡತಿ ಯಾವುದೋ ಆಫೀಸಿನಲ್ಲಿ ಟೈಪ್ ಮಾಡುತ್ತಾಳೆ ಎಂಬಷ್ಟು ಅವನಿಗೆ ಗೊತ್ತು. ಯಾರ ಪರವಾಗಿ ಏನು ಬರೆಯುತ್ತೇವೆಂದು ಮನೆಯಲ್ಲೂ ಬಾಯಿ ಬಿಡುವಂತಿಲ್ಲ ಎಂದು ಆಫೀಸಿನವರು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು.

ಒಂದು ಸಂಜೆ ಅವನು ಕೈಕಾಲು ತೊಳೆದು ಬಂದವನೇ ಫೋನ್ ಹಿಡಿದು ಕೂತ.

“ಕೇಳಿಲ್ಲಿ. ಎಷ್ಟು ಚೆನ್ನಾಗಿ ಬರ್ದಿದ್ದಾರೆ ನೋಡು” ಎಂದು ಓದತೊಡಗಿದ. “ಕಿಟಕಿಯಿಲ್ಲದ ಕೋಣೆಯಲ್ಲಿ ಓದುವ ಮಗುವಿಗೆ...”

ಟೀಚರಮ್ಮನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು.

“ನಿಜ ತಾನೇ? ನಾನು ಈ ಥರ ಯೋಚ್ನೇನೇ ಮಾಡಿರ್ಲಿಲ್ಲ” ಎಂದ ಆ ಪುಣ್ಯಾತ್ಮ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ಇವಳ ಗಂಡನನ್ನು ನೋಡಿಯೇ ಕಟ್ಟಿರಬೇಕು. ಟೀಚರಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಯಾವ ಕಟ್ಟಡವೆಂದು ಕೇಳಿದಳು. ಅವನು ಹೆಸರು ಹೇಳಿದಾಗ ಸಿಟ್ಟು ಇಳಿದು ಹೋಗಿ ಎದೆ ಝಲ್ಲೆಂದಿತು.

ಆ ಕಟ್ಟಡದ ಹಣೆಬರಹ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುಂಗಡ ಕಟ್ಟಿದ ಹಳೆಯ ಗಿರಾಕಿಗಳು ದಿಕ್ಕು ತೋಚದೆ ಹಿತೈಷಿಯ ನಂಬರಿಗೇ ಬರೆಯುತ್ತಿದ್ದರು. ಎಂಟು ತಿಂಗಳಿಂದ ಕೆಲಸ ನಿಂತಿದೆ, ಪಾಯದ ಗುಂಡಿಯಲ್ಲಿ ನೀರು ನಿಂತಿದೆ, ಕಟ್ಟಿದ ದುಡ್ಡು ವಾಪಸ್ಸು ಕೇಳಿದರೆ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಇಂಥವರು ಬರೆದರೆ ಪಟ್ಟಿಯಿಂದ ತೆಗೆದುಹಾಕಬೇಕು, ಉತ್ತರ ಕೊಡಕೂಡದು ಎಂದು ಮ್ಯಾನೇಜರ್ ಕಟ್ಟುನಿಟ್ಟಾಗಿ ಹೇಳಿದ್ದ. ಅವಳು ತೆಗೆದುಹಾಕುತ್ತಿದ್ದಳು. ಒಬ್ಬೊಬ್ಬರನ್ನು ತೆಗೆಯುವಾಗಲೂ ಪಾಪ ಮಾಡಿದೆನೆನ್ನಿಸುತ್ತಿತ್ತು, ತಿಂಗಳ ಸಂಬಳ ಬಂದಾಗ ಹಾಗನ್ನಿಸುವುದು ಕಡಿಮೆಯಾಗುತ್ತಿತ್ತು. ಈಗ ಅದೇ ಗುಂಡಿಗೆ ತನ್ನ ಗಂಡ, ಹನ್ನೊಂದು ವರ್ಷ ಇಬ್ಬರೂ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಗಂಟನ್ನು ಹಿಡಿದು ಹೊರಟಿದ್ದಾನೆ.

“ಅದು ಬೇಡ ರೀ” ಎಂದಳು.

“ಬೇಡ್ವಾ? ಹತ್ತು ವರ್ಷದಿಂದ ಕಿಟಕಿ ಕಿಟಕಿ ಅಂತ ನನ್ನ ತಲೆ ತಿಂದೋಳು ನೀನೇ ತಾನೇ?”

“ಅಲ್ಲಿ ಕೆಲ್ಸ ನಿಂತಿದೆಯಂತೆ. ಗುಂಡೀಲಿ ನೀರು ನಿಂತಿದೆಯಂತೆ.”

“ಅಂತೆ ಕಂತೆ! ಯಾರು ಹೇಳಿದ್ರು ನಿಂಗೆ?”

ಯಾರು ಹೇಳಿದರೆಂದು ಹೇಳುವುದು? ಅವನು ಮತ್ತೆ ಫೋನಿಗೆ ತಲೆ ಬಗ್ಗಿಸಿದ.

ಮರುದಿನ ಆಫೀಸಿಗೆ ಬಂದು ಬ್ಯಾಗು ಇಡುವ ಮೊದಲೇ ಗಂಡನ ನಂಬರು ಹುಡುಕಿದಳು. ಬೆಚ್ಚಗಿದ್ದ. ಇನ್ನೂ ಬಿಸಿಯಾಗಿಲ್ಲವಲ್ಲ, ಬದುಕಿದೆ ಎಂದುಕೊಂಡು ಅವನ ಮುಂದೆ ‘ಆಸಕ್ತಿ ಇಲ್ಲ’ ಎಂದು ಗುರುತು ಹಾಕಿದಳು. ಇದೇ ಅವಳು ಮಾಡಿದ ತಪ್ಪು. ಆಸಕ್ತಿ ಇಲ್ಲದವರನ್ನು ಯಂತ್ರ ಬಿಡುವುದಿಲ್ಲ, ಇನ್ನೊಂದು ಸಾಲಿನಲ್ಲಿ ನಿಲ್ಲಿಸುತ್ತದೆ. ಮುನಿಸಿಕೊಂಡು ಹೋದವರನ್ನು ಮರಳಿ ಕರೆಯುವ ಮೂರು ಸಂದೇಶಗಳು ಬೇರೆಯೇ ಇದ್ದವು. ‘ನಮ್ಮಿಂದ ಏನಾದರೂ ಬೇಸರವಾಯಿತೇ? ನಿಮ್ಮ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಿ, ಕೇಳಲು ನಾನಿದ್ದೇನೆ.’ ಅದನ್ನು ಬರೆದದ್ದೂ ಇವಳೇ. ಅದು ಅಂದೇ ಮಧ್ಯಾಹ್ನ ಅವನಿಗೆ ಹೋಯಿತು. ಮಿತವಾಗಿ ಮಾತಾಡುವ ಆ ಮನುಷ್ಯ ಮೊತ್ತಮೊದಲ ಬಾರಿಗೆ ಯಾರಿಗೋ ಮನಸ್ಸು ಬಿಚ್ಚಿ ಉತ್ತರ ಬರೆದ.

‘ಮೇಡಂ, ಬೇಸರ ಏನಿಲ್ಲ. ನನ್ನ ಹೆಂಡತಿಗೆ ಕಿಟಕಿ ಇರೋ ಮನೆ ಕೊಡಿಸಬೇಕು ಅಂತ ಮದುವೆ ಆದಾಗಿಂದ ಆಸೆ. ಅವಳಿಗೆ ಹೇಳಿಲ್ಲ. ಹೇಳಿ ಆಗದೇ ಹೋದರೆ ಅವಳ ಮುಖ ನೋಡೋಕೆ ಆಗಲ್ಲ. ಅವಳು ಓದಿದವಳು, ನಾನು ಗಾಜು ಉಜ್ಜುವವನು. ಅವಳ ಹತ್ತಿರ ಮಾತಾಡುವಾಗ ಮಾತು ಹುಡುಕಬೇಕಾಗುತ್ತೆ. ನಿಮ್ಮ ಹತ್ತಿರ ಯಾಕೋ ಹಾಗಾಗಲ್ಲ.’

ಟೀಚರಮ್ಮ ಎದ್ದು ಹೋಗಿ, ಬಚ್ಚಲುಮನೆಯ ಚಿಲಕ ಹಾಕಿಕೊಂಡು ಅತ್ತಳು. ಕೊಳಾಯಿ ಬಿಟ್ಟುಕೊಂಡು ಅತ್ತಳು, ಹೊರಗೆ ಕೇಳಬಾರದೆಂದು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ! ಬಲ್ಬ್ ತಂದಾಗಲೆಲ್ಲ ಅವನಿಗೆ ನೋವಾಗುತ್ತಿತ್ತು. ಇದನ್ನು ತಿಳಿದು ಅವಳಿಗೆ ಅವನ ಮೇಲೆ ಹೊಸ ಮದುಮಗಳಂತೆ ಪ್ರೀತಿ ಉಕ್ಕಿತು. ಆದರೆ ತಿಳಿದೆನೆಂದು ಹೇಳುವ ಹಾಗಿಲ್ಲ. ಆ ಹಿತೈಷಿ ನಾನೇ ಎಂದರೆ, ತನ್ನ ಕೀಳರಿಮೆಯನ್ನು ಯಾರಿಂದ ಬಚ್ಚಿಟ್ಟನೋ ಅವಳಿಗೇ ಒಪ್ಪಿಸಿದ್ದೇನೆಂದು ಅವನಿಗೆ ಗೊತ್ತಾಗುತ್ತದೆ. ಮಾನಿಷ್ಠ ಮನುಷ್ಯ. ಮತ್ತೆ ಜನ್ಮದಲ್ಲಿ ಬಾಯಿ ಬಿಡಲಾರ. ಕೆಲಸ ಹೋಗುವುದು ಬೇರೆ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮುಖ ತೊಳೆದು ಬಂದು ಕೂತಾಗ ಗಂಟೆ ತುಂಬಲು ಹತ್ತು ನಿಮಿಷವಿತ್ತು. ಅವನು ಯಾರ ಮಾತು ಕೇಳುತ್ತಾನೋ ಅವಳ ಬಾಯಿಂದಲೇ ಹೇಳಿಸಿದರೆ ಆಯಿತಲ್ಲ ಎಂದು ಹೊಳೆದದ್ದು ಆಗ. ಒಂದೇ ಉಸಿರಿಗೆ ಬರೆದಳು:

‘ಸರ್, ಇದು ಯಂತ್ರ ಕಳಿಸುವ ಸಂದೇಶವಲ್ಲ, ನಾನೇ ಕೂತು ಬರೆಯುತ್ತಿದ್ದೇನೆ. ದಯವಿಟ್ಟು ಅವಸರ ಮಾಡಬೇಡಿ. ಈ ಮನೆ ಬೇಡ. ಎಂಟು ತಿಂಗಳಿಂದ ಕೆಲಸ ನಿಂತಿದೆ, ಗುಂಡಿಯಲ್ಲಿ ನೀರಿದೆ. ನನ್ನ ಕೆಲಸಕ್ಕೆ ಕುತ್ತು ಬಂದರೂ ಬರಲಿ, ನಿಮ್ಮಂಥವರಿಗೆ ಮೋಸವಾಗುವುದನ್ನು ನೋಡಲಾರೆ. ನಿಮ್ಮ ಹಿತೈಷಿ.’

ಕಳಿಸಿದ ಮೇಲೆ ಮೈ ಹಗುರಾಯಿತು. ಮನೆಗೆ ಹೋಗುವ ದಾರಿಯಲ್ಲಿ ಮಗಳಿಗೆಂದು ಬಣ್ಣದ ಪೆನ್ಸಿಲು ಕೂಡ ಕೊಂಡಳು.

ಗಂಡ ಅವಳಿಗಿಂತ ಮೊದಲೇ ಮನೆಗೆ ಬಂದಿದ್ದ. ಮುಖ ಊರಗಲ ಅರಳಿತ್ತು.

“ಮುಂಗಡ ಕಟ್ಬಿಟ್ಟೆ ಕಣೇ!”

ಟೀಚರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಏನಾಯ್ತು ಗೊತ್ತಾ? ಆ ಹಿತೈಷಿ ಮೇಡಂ ತಾವೇ ಕೂತು ಬರ್ದಿದ್ದಾರೆ, ತಗೋಬೇಡಿ ಅಂತ! ನೀನು ಹೇಳ್ದ್ಯಲ್ಲ ಗುಂಡಿ, ಅದನ್ನೂ ಹೇಳಿದ್ದಾರೆ. ತಮ್ಮ ಮಾಲನ್ನ ತಾವೇ ಬೇಡ ಅನ್ನೋ ವ್ಯಾಪಾರಿ ಎಲ್ಲಾದ್ರೂ ಇದ್ದಾರಾ? ಇಷ್ಟು ಪ್ರಾಮಾಣಿಕವಾಗಿರೋ ಜನ ಇರೋ ಕಂಪನಿ ನಮಗೆ ಮೋಸ ಮಾಡುತ್ತಾ? ಗುಂಡಿ ಅಂದ್ರೆ ಗುಂಡಿ. ಇವತ್ತಲ್ಲ ನಾಳೆ ಮುಚ್ಚುತ್ತೆ. ಅಂಗಡಿಗೆ ಅರ್ಧ ದಿನ ರಜ ಹಾಕಿ ಹೋಗಿ ಕಟ್ಟಿ ಬಂದೆ.”

ಅವನು ರಸೀದಿ ಚಾಚಿದ. ಕೆಳಗಿನ ಸಾಲು ಅವಳಿಗೆ ಓದದೆಯೇ ಗೊತ್ತಿತ್ತು. ಕಟ್ಟಿದ ಹಣವನ್ನು ಯಾವ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ. ಅವಳು ಒಳಗೆ ಹೋಗಿ, ಮಗಳ ಮಂಚದ ಮೇಲೆ ಕೂತಳು.

ಬೆಳಿಗ್ಗೆ ಮ್ಯಾನೇಜರ್ ಕರೆಸಿದ. ವಯಸ್ಸಿನಲ್ಲಿ ಇವಳಿಗಿಂತ ಹತ್ತು ವರ್ಷ ಚಿಕ್ಕವನು, ಕುರ್ಚಿಯಲ್ಲಿ ಮಾತ್ರ ದೊಡ್ಡವನು. ಪರದೆಯ ಮೇಲೆ ಅವಳು ಬರೆದ ಸಂದೇಶ ತೆರೆದಿತ್ತು.

“ಟೀಚರಮ್ಮ, ಇದನ್ನ ಓದಿದಾಗ ನಿಮ್ಮನ್ನ ನಿಂತ ಕಾಲಲ್ಲೇ ಮನೆಗೆ ಕಳಿಸ್ಬೇಕು ಅನ್ಕೊಂಡೆ. ಆಮೇಲೆ ನೋಡಿದ್ರೆ ಈ ಪಾರ್ಟಿ ಎರಡು ಗಂಟೇಲಿ ಬುಕ್ ಮಾಡಿದ್ದಾನೆ! ಆಸಕ್ತಿ ಇಲ್ಲ ಅಂದಿದ್ದೋನು! ಹೇಗೆ ಹೊಳೀತು ನಿಮಗೆ?”

“ಹೊಳೆದಿದ್ದಲ್ಲ ಸಾರ್. ನಿಜ ಬರ್ದೆ.”

“ಅದೇ, ಅದೇ! ನಿಜದ ಥರಾನೇ ಇದೆ” ಎಂದು ಅವನು ಮೇಜು ತಟ್ಟಿದ. “ಇದನ್ನ ಹನ್ನೆರಡನೇ ಸಂದೇಶ ಮಾಡ್ಬಿಡಿ. ಗುಂಡಿ, ನೀರು, ಎಂಟು ತಿಂಗಳು, ಅದನ್ನೆಲ್ಲ ತೆಗೀರಿ. ‘ಯಂತ್ರ ಕಳಿಸುವುದಲ್ಲ’ ಅನ್ನೋದು ಇರ್ಲಿ. ‘ಅವಸರ ಮಾಡಬೇಡಿ’ ಇರ್ಲಿ. ‘ಕೆಲಸಕ್ಕೆ ಕುತ್ತು’ ಅಂತೂ ಇರ್ಲೇಬೇಕು. ಎಲ್ಲಾ ಲೀಡ್‌ಗೂ ಹೋಗ್ಲಿ.”

ಆ ಪಾರ್ಟಿ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಆಗುವುದಿಲ್ಲ ಎಂಬ ಮಾತು ಟೀಚರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನಿನ್ನೆಯಾಗಿದ್ದರೆ ಆಡಿಯೂ ಬಿಡುತ್ತಿದ್ದಳೇನೋ. ಈಗ ಬಾಡಿಗೆಯ ಜೊತೆಗೆ ಆ ಫ್ಲಾಟಿನ ಕಂತೂ ಸೇರಿತ್ತು, ಗಂಡನೊಬ್ಬನ ದುಡಿಮೆಗೆ ಅದು ನಿಲುಕುವಂಥದ್ದಲ್ಲ. ಅವಳು ತನ್ನ ಜಾಗಕ್ಕೆ ಬಂದು ಗುಂಡಿಯನ್ನು ತೆಗೆದಳು, ನೀರನ್ನು ತೆಗೆದಳು. ‘ನಾನೇ ಕೂತು ಬರೆಯುತ್ತಿದ್ದೇನೆ’ ಎಂಬುದನ್ನು ಉಳಿಸಿದಳು. ಯಂತ್ರ ಅದನ್ನು ನಾಲ್ಕು ಸಾವಿರ ಜನರಿಗೆ ಒಂದೇ ಗಳಿಗೆಯಲ್ಲಿ ಕಳಿಸಿತು.

ಕೃತಜ್ಞತೆಯ ಉತ್ತರಗಳು ಬರತೊಡಗಿದವು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಮೇಡಂ. ನಿಮ್ಮಂಥವರಿರುವುದರಿಂದ ಲೋಕ ನಡೆಯುತ್ತಿದೆ ಮೇಡಂ. ಒಂದೊಂದನ್ನು ಓದಿದಾಗಲೂ ಕೆನ್ನೆಗೆ ಹೊಡೆಸಿಕೊಂಡ ಹಾಗಾಗುತ್ತಿತ್ತು. ಅವುಗಳ ನಡುವೆ ಗಂಡನದೂ ಒಂದಿತ್ತು.

‘ಮೇಡಂ, ಮುಂಗಡ ಕಟ್ಟಿದ್ದೇನೆ, ನಿಮ್ಮ ಮೇಲಿನ ನಂಬಿಕೆಯಿಂದ. ಆದರೆ ನನ್ನ ಹೆಂಡತಿ ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ. ಹೆದರಿದ್ದಾಳೆ ಅನ್ನಿಸುತ್ತೆ. ನನಗೆ ಸಮಾಧಾನ ಹೇಳೋಕೆ ಬರಲ್ಲ. ಅವಳಿಗೆ ಧೈರ್ಯ ಬರುವ ಹಾಗೆ ನಾಲ್ಕು ಮಾತು ಬರೆದು ಕೊಡ್ತೀರಾ? ನಾನು ಓದಿ ಹೇಳುತ್ತೇನೆ.’

ಅವಳು ಆ ಉತ್ತರದ ಮುಂದೆ ಬಹಳ ಹೊತ್ತು ಕೂತಳು. ಪರದೆಯ ಮೂಲೆಯಲ್ಲಿ ಗಂಟೆ ಸವೆಯುತ್ತಿತ್ತು. ಊರಿಗೆಲ್ಲ ಧೈರ್ಯ ಹಂಚಿದ ಕೈಗೆ ತನಗೆಂದು ಒಂದು ಸಾಲೂ ಹುಟ್ಟಲಿಲ್ಲ. ಕೊನೆಗೆ ಇಷ್ಟೇ ಬರೆದಳು: ‘ಧೈರ್ಯ ಹೇಳುವುದು ನನ್ನಿಂದ ಆಗದ ಕೆಲಸ ಸರ್. ಅವರ ಮನಸ್ಸಿನಲ್ಲಿ ಏನೋ ಇದೆ. ಫೋನ್ ಕೆಳಗಿಟ್ಟು ಒಂದು ಸಲ ಅವರ ಮಾತು ಕೇಳಿ. ನಿಮ್ಮ ಹೆಂಡತಿಯ ಹತ್ತಿರ ನೀವು ಮಾತು ಹುಡುಕಬೇಕಾಗಿಲ್ಲ.’

ಸಂಜೆ ಮಗಳು ಹಿಂದಿನ ಕೋಣೆಯಲ್ಲಿ ಓದುತ್ತಿದ್ದಳು. ಟೀಚರಮ್ಮ ಒಲೆಯ ಮುಂದಿದ್ದಳು. ಗಂಡ ಬಂದು ಚಪ್ಪಲಿ ಬಿಟ್ಟವನು ನೇರ ಅವಳ ಹತ್ತಿರ ಬಂದ, ಒಲೆಯ ಉರಿಯನ್ನು ತಾನೇ ಆರಿಸಿದ, ಅವಳ ಕೈ ಹಿಡಿದು ಮುಂದಿನ ಕೋಣೆಗೆ ಕರೆತಂದು ಕೂರಿಸಿದ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಇಂಥದ್ದು ಇದೇ ಮೊದಲು. ಫೋನನ್ನು ಆಫ್ ಮಾಡಿ ಕಪಾಟಿನೊಳಗಿಟ್ಟು ಬಂದು, ಅವಳೆದುರು ನೆಲದ ಮೇಲೆ ಕೂತ.

“ನಿನ್ನ ಮನಸ್ಸಲ್ಲಿ ಏನೋ ಇದೆ” ಎಂದ. “ನಾನು ಯಾವತ್ತೂ ಸರಿಯಾಗಿ ಕೇಳಿಲ್ಲ. ಹೇಳು. ಎಷ್ಟು ಹೊತ್ತಾದ್ರೂ ಕೇಳ್ತೀನಿ.”

ಗಾಜಿನ ಗೆರೆ ನೋಡುವಾಗ ಅವನ ಕಣ್ಣು ಹೇಗೆ ನೆಟ್ಟಿರುತ್ತಿತ್ತೋ ಹಾಗೆ ಈಗ ಅವಳ ಮುಖದ ಮೇಲೆ ನೆಟ್ಟಿತ್ತು. ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು. ಅದನ್ನು ಆಡಿದ ಮರುಕ್ಷಣ ಈ ನೋಟವೂ ಇರುವುದಿಲ್ಲ, ಈ ಕೈಯೂ ಇರುವುದಿಲ್ಲ, ಇಬ್ಬರ ನಡುವೆ ಅವನು ನಂಬಿದ ಆ ಇನ್ನೊಬ್ಬಳೂ ಇರುವುದಿಲ್ಲ. ಆಡದೆ ಉಳಿದರೆ ದಿನಾ ಬೆಳಿಗ್ಗೆ ಎದ್ದು ಹೋಗಿ ಹಿತೈಷಿಯಾಗಿ ಕೂರಬೇಕು.

“ಹೇಳೇ” ಎಂದ ಅವನು, ಮೆತ್ತಗೆ.

ಟೀಚರಮ್ಮ ಬಾಯಿ ತೆರೆದಳು.

“ಏನಿಲ್ಲ ರೀ” ಎಂದಳು. “ಏಳಿ, ಊಟ ಆರಿ ಹೋಗುತ್ತೆ.”